ಪದವಿಗಳಿದ್ದೂ ಕಾಫಿ ತೋಟದಲ್ಲಿ ದುಡಿದ ಯೋಗಗುರು

ಜೂನ್ 21 ಬಂತೆಂದರೆ ಕಾಲೇಜು ಮೈದಾನದಲ್ಲಿ ಚಾಪೆ ಹಾಸಿ ನಾವೆಲ್ಲ ಸಾಲಾಗಿ ನಿಲ್ಲುತ್ತೇವೆ. ಫೋಟೊ ಸ್ಟೇಟಸ್‌ಗೆ ಹೋಗುತ್ತದೆ, ಮರುದಿನ ಚಾಪೆ ಮೂಲೆ ಸೇರುತ್ತದೆ. ಆದರೆ ಇಂದು ದೇಶವಿದೇಶಗಳಲ್ಲಿ ನಡೆಯುವ ಎಷ್ಟೋ ಯೋಗ ತರಗತಿಗಳ ಬೇರು ನಮ್ಮ ಮೈಸೂರಿನಲ್ಲೇ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ಬೇರಿನ ಹೆಸರು ತಿರುಮಲೈ ಕೃಷ್ಣಮಾಚಾರ್ಯ.

ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ 1888ರಲ್ಲಿ ಹುಟ್ಟಿದ ಅವರಿಗೆ ತಂದೆಯೇ ಮೊದಲ ಗುರು. ಹತ್ತು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂತು. ಅಲ್ಲಿಂದ ಓದಿಗಾಗಿ ಕಾಶಿ, ಪಟ್ನಾ ಎಂದು ಅಲೆದು ತರ್ಕ, ಮೀಮಾಂಸೆ, ವೇದಾಂತಗಳಲ್ಲಿ ಪಾಂಡಿತ್ಯ ಗಳಿಸಿದರು. ಹಿಮಾಲಯದಾಚೆ ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತೆ ಎಂದು ಅವರೇ ಹೇಳುತ್ತಿದ್ದರು. ಗುರು ಕೇಳಿದ ದಕ್ಷಿಣೆ ವಿಚಿತ್ರವಾದದ್ದು: ಸನ್ಯಾಸಿಯಾಗಬೇಡ, ಸಂಸಾರ ಹೂಡು, ಯೋಗ ಕಲಿಸು.

ಸಂಸಾರವೇನೋ ಹೂಡಿದರು. ಹೊಟ್ಟೆಪಾಡು? 1920ರ ದಶಕದಲ್ಲಿ ಯೋಗ ಕಲಿಸುತ್ತೇನೆಂದರೆ ಸಂಬಳ ಕೊಡುವವರು ಯಾರು! ಅಷ್ಟು ಓದಿದ ಪಂಡಿತರು ಹಾಸನದ ಕಡೆಯ ಕಾಫಿ ತೋಟದಲ್ಲಿ ಆಳುಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಹೆಂಡತಿಯ ಸೀರೆಯ ತುಂಡನ್ನೇ ಉಡುವಷ್ಟು ಬಡತನವಿತ್ತಂತೆ. ಸ್ನಾತಕೋತ್ತರ ಪದವಿ ಮುಗಿಸಿ, ಸಿಕ್ಕ ಕೆಲಸ ಮಾಡುತ್ತ, ಮುಂದಿನ ಅಧಿಸೂಚನೆಗೆ ಕಾಯುತ್ತಿರುವ ನನಗೆ ಅವರ ಬದುಕಿನಲ್ಲಿ ತೀರ ಹತ್ತಿರವೆನಿಸುವುದು ಈ ಭಾಗವೇ. ಬಿಡುವು ಸಿಕ್ಕಾಗ ಅವರು ಊರೂರಲ್ಲಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಅದನ್ನು ಕಣ್ಣರಳಿಸಿ ನೋಡಿದ ಹನ್ನೆರಡರ ಹುಡುಗನೊಬ್ಬ ಅವರ ಶಿಷ್ಯನಾದ. ಅವನೇ ಮುಂದೆ ಅಷ್ಟಾಂಗ ಯೋಗದಿಂದ ಹೆಸರಾದ ಪಟ್ಟಾಭಿ ಜೋಯಿಸ್.

ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಗಮನ ಇವರತ್ತ ಹರಿಯಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷವೇ 'ಯೋಗ ಮಕರಂದ' ಕನ್ನಡದಲ್ಲಿ ಅಚ್ಚಾಯಿತು. ನಾಡಿ ಬಡಿತ ನಿಲ್ಲಿಸಿ ತೋರಿಸುವುದು, ಕಾರು ತಡೆದು ನಿಲ್ಲಿಸುವುದು, ಇಂಥವನ್ನೂ ಮಾಡುತ್ತಿದ್ದರು. ನಮಗೆ ಇದು ಸರ್ಕಸ್ ಎನಿಸೀತು. ಜನ ಯೋಗವನ್ನೇ ಮರೆತಿದ್ದ ಕಾಲ, ಮೊದಲು ನೋಡಲು ಬರಬೇಕಲ್ಲ!

ಯೋಗ ಎಂದರೆ 'ಯುಜ್' ಧಾತುವಿನಿಂದ ಬಂದ ಪದ, ಕೂಡಿಸುವುದು ಎಂದರ್ಥ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಒಂದು ಮಾತ್ರ. ಮನಸ್ಸಿನ ಅಲೆದಾಟ ನಿಲ್ಲಿಸುವುದೇ ಗುರಿ. ಕೃಷ್ಣಮಾಚಾರ್ಯರು ಪ್ರತಿ ಚಲನೆಗೂ ಒಂದು ಉಸಿರನ್ನು ಜೋಡಿಸಿ ಕಲಿಸಿದರು.

ಹೆಂಡತಿಯ ತಮ್ಮ, ಕೋಲಾರ ಕಡೆಯ ಬೆಳ್ಳೂರಿನ ಹುಡುಗ, ಮಲೇರಿಯಾ ಕ್ಷಯಗಳಿಂದ ಸೊರಗಿ ಇವರ ಮನೆಗೆ ಬಂದ. ಗುರು ಮಹಾ ಸಿಡುಕರು, ಹುಡುಗ ಹೆದರುತ್ತಲೇ ಕಲಿತ. ಅವನೇ ಬಿ.ಕೆ.ಎಸ್. ಅಯ್ಯಂಗಾರ್. ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಬಂದಾಗ, ಹೆಂಗಸಿಗೆ, ಅದೂ ವಿದೇಶಿಯಳಿಗೆ ಕಲಿಸುವುದಿಲ್ಲ ಎಂದುಬಿಟ್ಟರು. ಮಹಾರಾಜರ ಮಾತಿಗೆ ಒಪ್ಪಿದವರು ಕೊನೆಗೆ ತಾವೇ ಆಕೆಗೆ ಯೋಗ ಕಲಿಸಲು ಹೇಳಿ ಕಳುಹಿಸಿದರು. ಮುಂದೆ ಆಕೆ ಹಾಲಿವುಡ್‌ನಲ್ಲಿ ತರಗತಿ ತೆರೆದರು.

ಅಷ್ಟರಲ್ಲಿ ಇತ್ತ ನಾಲ್ವಡಿಯವರು ತೀರಿಕೊಂಡಿದ್ದರು. ಅರಮನೆಯ ಆಸರೆ ಕರಗಿ 1950ರಲ್ಲಿ ಯೋಗಶಾಲೆ ಮುಚ್ಚಿತು. ನಮ್ಮವರು ನಿವೃತ್ತರಾಗುವ ವಯಸ್ಸನ್ನು ಆಗಲೇ ದಾಟಿದ್ದ ಅವರು ಮದ್ರಾಸಿಗೆ ಹೋಗಿ ಮೊದಲಿನಿಂದ ಶುರುಮಾಡಿದರು. ಅಲ್ಲಿ ಕಲಿಸುವ ರೀತಿಯೇ ಬದಲಾಯಿತು. ಮೈಸೂರಿನಲ್ಲಿ ಚುರುಕು ಹುಡುಗರಿಗೆ ಬಿರುಸಿನ ಆಸನಗಳು. ಮದ್ರಾಸಿನಲ್ಲಿ ರೋಗಿಗಳು, ವಯಸ್ಸಾದವರು, ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. ಯೋಗ ಮನುಷ್ಯನಿಗೆ ಹೊಂದಬೇಕೇ ಹೊರತು ಮನುಷ್ಯ ಯೋಗಕ್ಕಲ್ಲ ಎಂಬುದು ಅವರ ನಿಲುವು.

ಲೈಬ್ರರಿಯಲ್ಲಿ ದಿನವಿಡೀ ಕೂತು ಬೆನ್ನು ಹಿಡಿದ ಮೇಲೆ ನಾನೂ ಬೆಳಿಗ್ಗೆ ಇಪ್ಪತ್ತು ನಿಮಿಷ ಉಸಿರಿನ ಜೊತೆ ಆಸನ ಮಾಡತೊಡಗಿದೆ. ಕೆಲಸ ಇನ್ನೂ ಸಿಕ್ಕಿಲ್ಲ, ಯೋಗ ಅದನ್ನು ಕೊಡಿಸುವುದೂ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಎದೆ ಡವಗುಟ್ಟಿದಾಗ ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಕೈ ನಡುಗುವುದು ನಿಲ್ಲುತ್ತದೆ, ಅಷ್ಟು ಗೊತ್ತು.

ತೊಂಬತ್ತಾರರ ವಯಸ್ಸಿನಲ್ಲಿ ಕೃಷ್ಣಮಾಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದು ಮಲಗಿದಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ರೂಪಿಸಿಕೊಂಡರು. 1989ರ ಫೆಬ್ರುವರಿಯಲ್ಲಿ, ನೂರು ವರ್ಷ ತುಂಬಿದ ಕೆಲವೇ ತಿಂಗಳಿಗೆ ತೀರಿಕೊಂಡರು.