ಕತ್ತರಿ ಹಿಡಿದ ಕಥೆಗಾರ

ಯೂರೋಪು ಖಂಡದ ಉತ್ತರ ಭಾಗದಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಪರ್ಯಾಯದ್ವೀಪವೂ ಅದರ ಪಕ್ಕದಲ್ಲಿ ಚದುರಿದ ನೂರಾರು ದ್ವೀಪಗಳೂ ಸೇರಿ ಡೆನ್ಮಾರ್ಕ್ ದೇಶವಾಗಿದೆ. ಆ ದ್ವೀಪಗಳಲ್ಲೊಂದಾದ ಫ್ಯೂನ್‌ನಲ್ಲಿ ಓಡೆನ್ಸೆ ಎಂಬ ಪಟ್ಟಣವಿದೆ. 1805ನೆಯ ಇಸವಿ ಏಪ್ರಿಲ್ 2ರಂದು, ಪಾದರಕ್ಷೆಗಳನ್ನು ಹೊಲಿದು ಜೀವಿಸುತ್ತಿದ್ದ ಅಲ್ಲಿಯ ಬಡವನೊಬ್ಬನ ಮನೆಯಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಜನಿಸಿದನು. ಕುರೂಪಿ ಬಾತುಮರಿ ಹಂಸವಾದ ಕಥೆಯನ್ನೂ, ಇಲ್ಲದ ಉಡುಪನ್ನು ತೊಟ್ಟು ಮೆರವಣಿಗೆ ಹೊರಟ ಚಕ್ರವರ್ತಿಯ ಕಥೆಯನ್ನೂ ಅರಿಯದ ಮಕ್ಕಳು ಯಾವ ದೇಶದಲ್ಲಿಯೂ ವಿರಳ. ಆ ಕಥೆಗಳ ಕರ್ತೃ ಇವನೇ. ಲೇಖನಿಯಿಂದ ಅವನು ಗಳಿಸಿದ ಕೀರ್ತಿ ಅಷ್ಟು ದೊಡ್ಡದಾದುದರಿಂದ, ಅವನ ಕೈಯಲ್ಲಿ ಲೇಖನಿಗಿಂತಲೂ ಮೊದಲೇ ಆಡಿದ ಮತ್ತೊಂದು ಸಲಕರಣೆಯನ್ನು ಜನರು ಅಷ್ಟಾಗಿ ಗಮನಿಸಲಿಲ್ಲ. ಅದು ಕತ್ತರಿ.

ಆಂಡರ್ಸನ್ನನ ಬಾಲ್ಯ ಕಳೆದದ್ದು ಒಂದೇ ಕೋಣೆಯ ಮನೆಯಲ್ಲಿ. ತಂದೆಯ ಕಾರ್ಯಾಗಾರವೂ, ಅಡಿಗೆಯ ಒಲೆಯೂ, ಎಲ್ಲರೂ ಮಲಗುವ ಜಾಗವೂ ಆ ಕೋಣೆಯೇ. ತಾಯಿ ಹೊಳೆಯ ತಣ್ಣೀರಿನಲ್ಲಿ ನಿಂತು ಪರರ ಬಟ್ಟೆಗಳನ್ನು ಒಗೆಯುತ್ತಿದ್ದಳು. ಅವಳಿಗೆ ಓದುಬರಹ ಬಾರದು. ತಂದೆಯಾದರೋ ಓದಿನ ಹಸಿವುಳ್ಳವನು. ಶಾಲೆಯ ಭಾಗ್ಯ ಕೈತಪ್ಪಿದ್ದರಿಂದ ಕಸುಬಿಗೆ ಇಳಿದಿದ್ದನು. ಸಂಜೆಯಾದೊಡನೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರೇಬಿಯದ ರಾತ್ರಿಗಳ ಕಥೆಗಳನ್ನು ಓದಿ ಹೇಳುತ್ತಿದ್ದನು. ಬಿಡುವಾದಾಗ ಅವನಿಗಾಗಿ ಪುಟ್ಟದೊಂದು ಬೊಂಬೆಯಾಟದ ರಂಗಮಂದಿರವನ್ನೂ, ದಾರವನ್ನು ಎಳೆದರೆ ಬದಲಾಗುವ ಚಿತ್ರಗಳನ್ನೂ ಮಾಡಿಕೊಟ್ಟಿದ್ದನು. ಬಾಲಕನು ಚಿಂದಿ ಬಟ್ಟೆಗಳನ್ನು ಆರಿಸಿ, ಕತ್ತರಿಸಿ, ಬೊಂಬೆಗಳಿಗೆ ಉಡುಗೆ ಹೊಲಿಯುತ್ತ ದಿನಗಟ್ಟಲೆ ಕುಳಿತುಬಿಡುತ್ತಿದ್ದನು.

ಆ ಮನೆತನದಲ್ಲಿ ಕೈಗೆಲಸದೊಡನೆ ಒಂದು ಅಂಜಿಕೆಯೂ ಸೇರಿಕೊಂಡಿತ್ತು. ಅಜ್ಜನು ಮತಿವಿಕಲನಾಗಿದ್ದನು. ಅವನು ಮರದ ತುಂಡುಗಳಿಂದ ಪ್ರಾಣಿಯ ತಲೆಯುಳ್ಳ ಮನುಷ್ಯರನ್ನು, ರೆಕ್ಕೆಯುಳ್ಳ ಮೃಗಗಳನ್ನು ಕೆತ್ತಿ ಹಳ್ಳಿಹಳ್ಳಿ ತಿರುಗಿ ಹಂಚುತ್ತಿದ್ದನು. ಬೀದಿಯ ಹುಡುಗರು ಆ ವೃದ್ಧನ ಬೆನ್ನಟ್ಟಿ ಗೇಲಿಮಾಡುವುದನ್ನು ಕಂಡ ಮೊಮ್ಮಗನಿಗೆ, ತನಗೂ ಒಂದು ದಿನ ಅದೇ ಗತಿ ಬಂದೀತೆಂಬ ಭಯ ಹುಟ್ಟಿತು. ಆ ಭಯ ಅವನನ್ನು ಕಡೆಯವರೆಗೂ ಬಿಡಲಿಲ್ಲ. ಆದರೂ ಮುಂದೆ ಅವನ ಕಾಗದದಲ್ಲಿ ಮೂಡಿದ ವಿಚಿತ್ರರೂಪಗಳನ್ನು ನೋಡಿದರೆ, ಅವು ಅಜ್ಜನ ಮರದ ಬೊಂಬೆಗಳ ಬಂಧುಗಳೆಂದೇ ತೋರುತ್ತದೆ.

1816ರಲ್ಲಿ ತಂದೆ ತೀರಿಕೊಂಡನು. ಹನ್ನೊಂದು ವರ್ಷದ ಹುಡುಗನು ಕೆಲವು ಕಾಲ ಬಟ್ಟೆಯ ಗಿರಣಿಯಲ್ಲಿಯೂ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿಯೂ ದುಡಿಯಬೇಕಾಯಿತು. ಬೊಂಬೆಯ ಉಡುಗೆಗಳನ್ನು ಅವನು ಹೊಲಿಯುತ್ತಿದ್ದ ಅಚ್ಚುಕಟ್ಟನ್ನು ಕಂಡಿದ್ದ ತಾಯಿ, ಮಗನು ದರ್ಜಿಯಾಗಲೆಂದು ಬಯಸಿದಳು. ಅನ್ನದ ದಾರಿಯನ್ನು ಹುಡುಕುವ ಬಡ ತಾಯಿಗೆ ಅದಕ್ಕಿಂತ ಒಳ್ಳೆಯ ಯೋಚನೆ ಬೇರೇನು ಹೊಳೆದೀತು? ಮಗನು ಒಪ್ಪಲಿಲ್ಲ. ನಾಟಕದಲ್ಲಿ ಹೆಸರು ಮಾಡುವೆನೆಂದು ಹಟ ಹಿಡಿದು, 1819ರ ಸೆಪ್ಟೆಂಬರ್ ತಿಂಗಳಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಒಬ್ಬಂಟಿಗನಾಗಿ ರಾಜಧಾನಿ ಕೋಪನ್‌ಹೇಗನ್ನಿಗೆ ಹೊರಟುಹೋದನು.

ರಾಜಧಾನಿಯಲ್ಲಿ ಮೂರು ವರ್ಷ ಕಷ್ಟದಲ್ಲಿಯೇ ಕಳೆದವು. ನರ್ತನ ಕಲಿಯಲು ಹೋದರೆ ನೀಳವಾದ ಕೈಕಾಲುಗಳು ಅಡ್ಡಬಂದವು. ಹಾಡಲು ಹೋದರೆ ಪ್ರಾಯಕ್ಕೆ ಬರುತ್ತಿದ್ದ ಕಂಠ ಒಡೆಯಿತು. ಬರೆದ ನಾಟಕಗಳು ಕಾಗುಣಿತದ ತಪ್ಪುಗಳಿಂದ ತುಂಬಿ ಹಿಂದಿರುಗಿ ಬಂದವು. ಕಡೆಗೆ ರಾಜರಂಗಮಂದಿರದ ಆಡಳಿತಗಾರರಲ್ಲೊಬ್ಬನಾದ ಜೋನಾಸ್ ಕಾಲಿನ್ ಎಂಬ ಉದಾರಿಯು ಈ ಹುಡುಗನಲ್ಲಿ ಏನೋ ಇದೆಯೆಂದು ಗುರುತಿಸಿ, ರಾಜನಿಂದ ಸಹಾಯಧನ ಕೊಡಿಸಿ ಶಾಲೆಗೆ ಕಳುಹಿಸಿದನು. ಹದಿನೇಳು ವರ್ಷದ ಯುವಕನು ತನಗಿಂತ ಬಹಳ ಚಿಕ್ಕವರ ಸಾಲಿನಲ್ಲಿ ಕುಳಿತು ವ್ಯಾಕರಣ ಕಲಿತನು. ಅಲ್ಲಿ ಅವನು ಉಂಡ ಅಪಮಾನಗಳು ಅವನ ಕನಸುಗಳಲ್ಲಿ ಮುಪ್ಪಿನವರೆಗೂ ಮರುಕಳಿಸುತ್ತಿದ್ದುವು. 1828ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದನು. 1835ರಲ್ಲಿ ಒಂದು ಕಾದಂಬರಿಯೂ, ಮಕ್ಕಳಿಗಾಗಿ ಬರೆದ ಕಥೆಗಳ ಮೊದಲ ಕಿರುಹೊತ್ತಗೆಯೂ ಪ್ರಕಟವಾದುವು. ಅಲ್ಲಿಂದ ಮುಂದೆ ಬರೆದ ಕಥೆಗಳ ಸಂಖ್ಯೆ ಒಟ್ಟು ನೂರೈವತ್ತನ್ನು ಮೀರುತ್ತದೆ.

ಪ್ರಸಿದ್ಧನಾದ ಮೇಲೆ ಶ್ರೀಮಂತರ ಮನೆಗಳ ಬಾಗಿಲುಗಳು ಅವನಿಗೆ ತೆರೆದುವು. ಸ್ವಂತ ಮನೆಯಾಗಲಿ ಮಡದಿಮಕ್ಕಳಾಗಲಿ ಅವನಿಗಿರಲಿಲ್ಲ. ಒಂದು ಮನೆಯಲ್ಲಿ ಇಂದು ಊಟ, ಮತ್ತೊಂದರಲ್ಲಿ ನಾಳೆ. ಬೇಸಗೆಯಲ್ಲಿ ಹಳ್ಳಿಯ ಬಂಗಲೆಗಳಲ್ಲಿ ವಾಸ. ಅಂಥ ಮನೆಗಳಲ್ಲಿ ಮಕ್ಕಳು ಸುತ್ತುಗಟ್ಟಿದೊಡನೆ ಆಂಡರ್ಸನ್ ಒಂದು ಹಾಳೆಯನ್ನು ತೆಗೆದುಕೊಂಡು ನಡುವೆ ಮಡಿಸಿ, ಜೇಬಿನಿಂದ ಕತ್ತರಿಯನ್ನು ಹೊರತೆಗೆಯುತ್ತಿದ್ದನು. ಬಾಯಿ ಕಥೆಯನ್ನು ಹೇಳುತ್ತಿರಲು ಕೈ ಕಾಗದವನ್ನು ಕತ್ತರಿಸುತ್ತಿತ್ತು. ಕಥೆಗೂ ಕತ್ತರಿಯ ಓಟಕ್ಕೂ ಏನು ಸಂಬಂಧವೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ತುಂಡುಗಳು ನೆಲಕ್ಕೆ ಉದುರುತ್ತಿದ್ದುವು. ಕಥೆ ಮುಗಿಯುವ ಹೊತ್ತಿಗೆ ಮಡಿಕೆಯನ್ನು ಬಿಡಿಸಿದರೆ ಅರಮನೆಯೊಂದು, ಹಂಸಗಳ ಜೋಡಿಯೊಂದು, ತುದಿಗಾಲಲ್ಲಿ ನಿಂತ ನರ್ತಕಿಯರ ಸಾಲೊಂದು ಕಣ್ಣೆದುರು ನಿಲ್ಲುತ್ತಿತ್ತು. ದೊಡ್ಡ ಕೈ, ದೊಡ್ಡ ಕತ್ತರಿ. ಅವುಗಳಿಂದ ಜೇಡನ ಬಲೆಯಂಥ ನವುರಾದ ಕೆಲಸ! ಕಂಡವರು ಮುದುಕರಾದ ಮೇಲೂ ಆ ಬೆರಗನ್ನು ಮರೆಯಲಿಲ್ಲ.

ಕಾಗದದ ಕೈಗೆಲಸವೆಂದರೆ ಇಂದು ಹಲವು ಸಲಕರಣೆಗಳು ಕಣ್ಣಿಗೆ ಬರುತ್ತವೆ: ಗೆರೆಯೆಳೆಯುವ ಪೆನ್ಸಿಲು, ಅಳತೆಪಟ್ಟಿ, ಹರಿತವಾದ ಅಲಗು, ಅದರ ಕೆಳಗಿಡುವ ಹಲಗೆ, ಅಂಟು, ಕುಂಚ. ಇವುಗಳಲ್ಲಿ ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ? ಈ ಪ್ರಶ್ನೆಗೆ ಆಂಡರ್ಸನ್ನನ ಕೈಗಳು ಉತ್ತರ ಕೊಟ್ಟಿವೆ. ಅವನು ಮೊದಲು ಗೆರೆ ಎಳೆದುಕೊಂಡು ಕತ್ತರಿಸುತ್ತಿರಲಿಲ್ಲ. ಆದ್ದರಿಂದ ಪೆನ್ಸಿಲು ಬೇಡ. ಮಡಿಕೆಯೇ ಅಳತೆಪಟ್ಟಿಯ ಕೆಲಸವನ್ನು ಮಾಡುತ್ತಿತ್ತು. ಎಡಬಲಗಳು ತಾವಾಗಿಯೇ ಸಮನಾಗುತ್ತಿದ್ದುವು. ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಒಬ್ಬ ನರ್ತಕಿಯ ಅರ್ಧವನ್ನು ಕತ್ತರಿಸಿದರೆ ಸಾಕು, ಬಿಡಿಸಿದಾಗ ಕೈಕೈ ಹಿಡಿದ ಸಾಲೇ ದೊರೆಯುತ್ತದೆ; ಮೇಜಿನ ಮೇಲೆ ನಿಲ್ಲಿಸಿ ಮೆಲ್ಲನೆ ಊದಿದರೆ ಆ ಸಾಲು ಕುಣಿಯುತ್ತದೆ. ಅಲಗಿಗೆ ಮೇಜೂ ಹಲಗೆಯೂ ಬೇಕು. ಕತ್ತರಿಗೆ ಎರಡು ಕೈಗಳಲ್ಲದೆ ಬೇರೇನೂ ಬೇಡ.

ಕತ್ತರಿಯು ಸನ್ನೆಯ ತತ್ತ್ವದ ಮೇಲೆ ಕೆಲಸ ಮಾಡುವ ಯಂತ್ರವೆಂಬುದನ್ನು ವಿಜ್ಞಾನದ ಪಾಠಗಳಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಅದರ ನಡುವೆ ಇರುವ ಮೊಳೆಯೇ ಆಧಾರಬಿಂದು. ಮೊಳೆಗೆ ಸಮೀಪದಲ್ಲಿ ಕತ್ತರಿಸಿದರೆ ಬಲ ಹೆಚ್ಚು, ಮಡಿಸಿದ ದಪ್ಪ ಕಾಗದವೂ ಸುಲಭವಾಗಿ ತುಂಡಾಗುತ್ತದೆ. ತುದಿಯಲ್ಲಿ ಬಲ ಕಡಿಮೆಯಾದರೂ ಸಣ್ಣ ಕಣ್ಣು ಮೂಗುಗಳನ್ನು ಬಿಡಿಸಬಹುದು. ಅಲಗು ನೀಳವಾಗಿದ್ದಷ್ಟೂ ಗೆರೆ ಎಲ್ಲಿಯೂ ತಡೆಯದೆ ಸಾಗುತ್ತದೆ, ಅಂಚು ಹಲ್ಲುಹಲ್ಲಾಗುವುದಿಲ್ಲ. ಕೈಪಳಗಿದವರಿಗೆ ಮತ್ತೊಂದು ಗುಟ್ಟೂ ಗೊತ್ತು. ಬಾಗುಗೆರೆ ಬಂದಾಗ ಅವರು ಕತ್ತರಿಯನ್ನು ತಿರುಗಿಸುವುದಿಲ್ಲ. ಕತ್ತರಿಯನ್ನು ಒಂದೇ ನೆಲೆಯಲ್ಲಿ ಹಿಡಿದು ಎಡಗೈಯ ಕಾಗದವನ್ನು ತಿರುಗಿಸುತ್ತಾರೆ. ಹೀಗಾಗಿ ಕತ್ತರಿಯ ಕೆಲಸದಲ್ಲಿ ಎಡಗೈಗೂ ಸಮಪಾಲು ಇದೆ.

ಕಡಿಮೆ ಸಲಕರಣೆಯಿಂದ ಹೆಚ್ಚು ಕೆಲಸ ತೆಗೆಯುವ ಈ ಜಾಣ್ಮೆ ಡೆನ್ಮಾರ್ಕಿನದು ಮಾತ್ರವೇ ಅಲ್ಲ. ಚೀನ ದೇಶದಲ್ಲಿ ಕಾಗದವನ್ನು ಕತ್ತರಿಸಿ ಕಿಟಕಿಗಳಿಗೆ ಅಂಟಿಸುವ ಪದ್ಧತಿ ಬಹಳ ಹಳೆಯದು. ನಮ್ಮ ಮಥುರೆಯಲ್ಲಿ ಕತ್ತರಿಸಿದ ಕಾಗದದ ಅಚ್ಚುಗಳ ಮೂಲಕ ಬಣ್ಣದ ಪುಡಿ ಉದುರಿಸಿ ಕೃಷ್ಣಲೀಲೆಯ ರಂಗೋಲಿ ಬಿಡಿಸುವ ಸಾಂಝಿ ಕಲೆ ಇದೆ. ಇನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಶೆಟ್ಟಿಕೆರೆಯಂಥ ಊರುಗಳಲ್ಲಿ, ಮಕ್ಕಳಿಗೆ ಕಾಗದಕ್ಕಿಂತ ಮೊದಲು ಕೈಗೆ ಸಿಕ್ಕುವುದು ತೆಂಗಿನ ಗರಿ. ಅದನ್ನು ಉಗುರಿನಿಂದ ಸೀಳಿ, ಮಡಿಸಿ, ಹೆಣೆದು ಪೀಪಿ, ಗಿರಗಿಟ್ಟಲೆ, ಕೈಗಡಿಯಾರಗಳನ್ನು ಮಾಡುವಾಗ ಅವರಿಗೆ ಕತ್ತರಿಯೂ ಬೇಕಾಗದು. ಗರಿಯ ನಡುವಿನ ಕಡ್ಡಿಯೇ ಸೂಜಿಯೂ ಅಚ್ಚೂ ಆಗುತ್ತದೆ. ಆದರೆ ಶಾಲೆಯ ಉತ್ಸವಕ್ಕೆ ಬಣ್ಣದ ಕಾಗದದ ತೋರಣ ಕಟ್ಟುವ ದಿನ ಬಂದಾಗ, ಇಡೀ ತರಗತಿಗೆ ಒಂದೇ ಇರುವ ಕತ್ತರಿಗಾಗಿ ಎಲ್ಲರೂ ಕೈ ಚಾಚುವರು.

ಆಂಡರ್ಸನ್ ತನ್ನ ಜೀವಮಾನದಲ್ಲಿ ಸುಮಾರು ಮೂವತ್ತು ಬಾರಿ ವಿದೇಶಯಾತ್ರೆ ಕೈಗೊಂಡನು. ಇಟಲಿ, ಗ್ರೀಸ್, ತುರ್ಕಿಗಳವರೆಗೂ ಹೋಗಿಬಂದನು. ಪ್ರಯಾಣದ ಪೆಟ್ಟಿಗೆಯಲ್ಲಿ ಅವನು ಒಂದು ಉದ್ದವಾದ ಹಗ್ಗವನ್ನು ಇಟ್ಟುಕೊಂಡಿರುತ್ತಿದ್ದನು. ತಂಗಿದ ಛತ್ರಕ್ಕೆ ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿಯಲು ಆ ಹಗ್ಗ! ಅಂಜುಬುರುಕನ ಆ ಮುನ್ನೆಚ್ಚರಿಕೆಯನ್ನು ಕಂಡು ನಕ್ಕವರುಂಟು. ಕತ್ತರಿಗಾದರೋ ಹೋದಲ್ಲೆಲ್ಲ ಕೆಲಸವಿತ್ತು. ಪರಭಾಷೆಗಳು ಅವನ ನಾಲಗೆಗೆ ಸುಲಭವಾಗಿ ಒಗ್ಗುತ್ತಿರಲಿಲ್ಲ. 1857ರಲ್ಲಿ ಇಂಗ್ಲೆಂಡಿನ ಮಹಾ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಮನೆಗೆ ಅತಿಥಿಯಾಗಿ ಹೋದಾಗ ಅವನ ಇಂಗ್ಲಿಷನ್ನು ಅರ್ಥಮಾಡಿಕೊಳ್ಳುವುದು ಮನೆಯವರಿಗೆ ಕಷ್ಟವಾಯಿತು. ಎರಡು ವಾರವೆಂದು ಬಂದವನು ಐದು ವಾರ ನಿಂತದ್ದರಿಂದ ಅವರಿಗೆ ಬೇಸರವೂ ಆಯಿತು. ಆ ಮನೆಯಲ್ಲಿ ಅವನಿಂದ ಮೆಚ್ಚಿಗೆ ಪಡೆದುದು ಕತ್ತರಿಯೊಂದೇ ಎಂದರೂ ತಪ್ಪಾಗದು. ಅವನು ಕತ್ತರಿಸಿದ ಕಾಗದದ ಚೆಲುವನ್ನು ಡಿಕನ್ಸ್‌ನ ಮಗನೊಬ್ಬನು ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾನೆ. ನಾಲಗೆ ಸೋತಲ್ಲಿ ಅವನಿಗೆ ಕತ್ತರಿ ಮಾತಾಗಿತ್ತು. ಅದನ್ನು ಕಳೆದುಕೊಂಡಿದ್ದರೆ ಪರದೇಶದ ಮಕ್ಕಳ ನಡುವೆ ಅವನು ಮೂಕನಾಗಿಬಿಡುತ್ತಿದ್ದನು.

ಎಲ್ಲ ಕಾಗದಗಳೂ ನಗುವಿನವೇ ಆಗಿರಲಿಲ್ಲ. ನೇಣುಗಂಬ, ಅದರಿಂದ ತೂಗುವ ಮನುಷ್ಯ, ಹೃದಯವನ್ನು ಕದ್ದೊಯ್ದ ಕಳ್ಳ, ತಲೆಬುರುಡೆ ಇವೂ ಆ ಮಡಿಕೆಗಳಿಂದ ಹೊರಬಂದಿವೆ. ಹೊಟ್ಟೆಯೇ ಗಿರಣಿಯಾಗಿ, ತೋಳುಗಳೇ ಗಾಳಿಯ ರೆಕ್ಕೆಗಳಾಗಿರುವ ಮನುಷ್ಯನೂ ಇದ್ದಾನೆ. ಒಲಿದವರು ತನಗೆ ಒಲಿಯದೆ ಹೋದ ನೋವನ್ನು ಹೆಚ್ಚು ಹೇಳಿಕೊಳ್ಳದ ಮನುಷ್ಯನು ಅದನ್ನು ಹೀಗೆ ಕತ್ತರಿಸಿ ತೆಗೆದಿರಬಹುದು. ಅವನ ಕಥೆಗಳಲ್ಲಿಯೂ ಕಾಗದ ಮತ್ತೆ ಮತ್ತೆ ಬರುತ್ತದೆ. ಒಂಟಿಕಾಲಿನ ತವರದ ಸೈನಿಕನು ಮನಸೋಲುವುದು ಕಾಗದದ ನರ್ತಕಿಗೆ. ಚರಂಡಿಯಲ್ಲಿ ತೇಲುವುದು ವೃತ್ತಪತ್ರಿಕೆಯ ದೋಣಿಯಲ್ಲಿ. ಚಕ್ರವರ್ತಿಯನ್ನು ವಂಚಿಸಿದ ಧೂರ್ತರು ದೊಡ್ಡ ಕತ್ತರಿಗಳಿಂದ ಬರಿಯ ಗಾಳಿಯನ್ನು ಕತ್ತರಿಸುತ್ತಾರೆ. ತಾಯಿಯು ಮಗನಿಗೆ ಬಯಸಿದ್ದ ದರ್ಜಿಯ ಕತ್ತರಿ ಕಥೆಯೊಳಕ್ಕೆ ನುಸುಳಿದ್ದು ಹೀಗೆ. ಅದನ್ನು ನೋಡಲು ಆ ತಾಯಿ ಉಳಿದಿರಲಿಲ್ಲ. ಮಗನು ಇಟಲಿಯಲ್ಲಿದ್ದಾಗ, 1833ರಲ್ಲಿ, ಬಡತನದಲ್ಲಿಯೇ ಕಣ್ಣುಮುಚ್ಚಿದ್ದಳು.

ಅಂಟನ್ನು ಅವನು ಬಳಸಿದ್ದು ಪುಸ್ತಕಗಳಿಗಾಗಿ. ಕಾಲಿನ್ ಮನೆತನದ ಅಳಿಯನಾದ ಅಡಾಲ್ಫ್ ಡ್ರೂಸೆನ್ ಎಂಬ ಸ್ನೇಹಿತನೊಡನೆ ಕೂಡಿ, ಆ ಮನೆಯ ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕಗಳನ್ನು ಸಿದ್ಧಪಡಿಸುತ್ತಿದ್ದನು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು, ತಾನೇ ಬಿಡಿಸಿದ ಕಾಗದದ ರೂಪಗಳು, ಅಲ್ಲಲ್ಲಿ ಎರಡು ಸಾಲಿನ ಚುಟುಕು ಪದ್ಯ, ಹೀಗೆ ಒಂದೊಂದು ಪುಸ್ತಕವೂ ಒಂದೇ ಮಗುವಿಗಾಗಿ, ಒಂದೇ ಪ್ರತಿಯಾಗಿ ತಯಾರಾಗುತ್ತಿತ್ತು.

1872ರ ಅನಂತರ ಅವನಿಂದ ಹೊಸ ಕಥೆಗಳ ಪುಸ್ತಕ ಹೊರಬರಲಿಲ್ಲ. ಕಾಯಿಲೆ ದೇಹವನ್ನು ಹಣ್ಣುಮಾಡುತ್ತಿತ್ತು. ಕೋಣೆಯಿಂದ ಹೊರಗೆ ಹೋಗಲಾಗದ ಆ ದಿನಗಳಲ್ಲಿ, 1873 ಮತ್ತು 74ರಲ್ಲಿ, ನೂರಾರು ಮುದ್ರಿತ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಎಂಟು ಭಾಗಗಳ ಒಂದು ದೊಡ್ಡ ಮಡಿಕೆ ತೆರೆಯನ್ನು ರೂಪಿಸಿದನು. ಬಾಲ್ಯ, ರಂಗಭೂಮಿ, ತಾಯ್ನಾಡು, ತಾನು ಕಂಡ ದೇಶಗಳು, ಕಾಣಬಯಸಿದ ಪೂರ್ವದಿಕ್ಕು ಎಲ್ಲವೂ ಅದರ ಮೇಲೆ ಒತ್ತೊತ್ತಾಗಿ ನೆರೆದಿವೆ. ತನಗೆ ಆಶ್ರಯವಿತ್ತು ಉಪಚರಿಸುತ್ತಿದ್ದ ಮೆಲ್ಕಿಯರ್ ಕುಟುಂಬದ ಗೃಹಿಣಿಗೆ 1874ರಲ್ಲಿ ಒಂದು ದೊಡ್ಡ ಕಾಗದವನ್ನು ಕತ್ತರಿಸಿ ಕೊಟ್ಟನು. ಮರುವರ್ಷ, 1875ರ ಆಗಸ್ಟ್ 4ರಂದು, ಕೋಪನ್‌ಹೇಗನ್ನಿನ ಹೊರವಲಯದಲ್ಲಿದ್ದ ಅವರ ಮನೆಯಲ್ಲಿಯೇ ಆಂಡರ್ಸನ್ ಕೊನೆಯುಸಿರೆಳೆದನು.

ಮಕ್ಕಳ ಕೈಗೆ ಆಟಕ್ಕೆಂದು ಕೊಟ್ಟ ಕಾಗದಗಳಲ್ಲಿ ಎಷ್ಟೋ ಹರಿದುಹೋದುವು. ಉಳಿದುವು ಪುಸ್ತಕಗಳ ಹಾಳೆಗಳ ನಡುವೆ ಒತ್ತಿಟ್ಟವು, ಮನೆಯ ಹಿರಿಯರು ಜತನಮಾಡಿದವು. ಅವುಗಳಲ್ಲಿ ಹಲವು ನೂರು ಇಂದು ಡೆನ್ಮಾರ್ಕಿನ ಸಂಗ್ರಹಾಲಯಗಳಲ್ಲಿವೆ. ಓಡೆನ್ಸೆಯಲ್ಲಿ 1908ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅವನ ಹಗ್ಗವೂ ಕತ್ತರಿಯೂ ಆ ಸಂಗ್ರಹದಲ್ಲಿ ಸೇರಿವೆ. ಬೆಳಕು ತಾಗಿದರೆ ಹಳೆಯ ಕಾಗದ ಬೇಗ ಹಳದಿಯಾಗಿ ಮುರಿಯುವುದರಿಂದ ಅವನ್ನು ಮಂದವಾದ ಬೆಳಕಿನಲ್ಲಿ ಇಡಬೇಕಾಗುತ್ತದೆ. ಹತ್ತಿರದಿಂದ ನೋಡಿದರೆ ಅಂಥ ಹಾಳೆಯ ನಟ್ಟನಡುವೆ, ಎರಡು ಹಂಸಗಳ ಕೊಕ್ಕುಗಳು ಕೂಡುವಲ್ಲಿ, ಅವನು ಬೆರಳಿನಿಂದ ಒತ್ತಿದ ಮಡಿಕೆಯ ಗೆರೆ ಕಾಣುತ್ತದೆ.