ಮಸ್ಕಿ, ಬೀದರ್, ಅಜಂತಾ: ಪುರಾತತ್ವಜ್ಞ ಗುಲಾಮ್ ಯಜ್ದಾನಿ

ಇತಿಹಾಸ ಓದುವ ನಮ್ಮ ವಿದ್ಯಾರ್ಥಿಗಳಿಗೆ ಮಸ್ಕಿ ಶಾಸನದ ಹೆಸರು ಬಾಯಿಪಾಠ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಅದು ಬರುತ್ತದೆ. ಅಶೋಕನ ಹೆಸರು ಯಾವ ಶಾಸನದಲ್ಲಿದೆ ಎಂದು ಕೇಳಿದರೆ ತರಗತಿಯ ಕೊನೆಯ ಬೆಂಚಿನಿಂದಲೂ ಉತ್ತರ ಬರುತ್ತದೆ. ಆದರೆ ಆ ಶಾಸನವನ್ನು ಲೋಕಕ್ಕೆ ತಿಳಿಸಿದ ಇಲಾಖೆ ಯಾವುದು, ಅದನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮೌನ. ತಪ್ಪು ನಿಮ್ಮದಲ್ಲ, ಪಠ್ಯಪುಸ್ತಕದಲ್ಲಿ ಆ ಹೆಸರಿಲ್ಲ. ಇತಿಹಾಸ ಕಲಿಸುವವನಾಗಿ ಈ ಸಂಚಿಕೆಯಲ್ಲಿ ಅವರನ್ನು ನಿಮಗೆ ಪರಿಚಯಿಸಬೇಕೆಂದು ನನಗೆ ಬಹುದಿನದ ಆಸೆ. ಅವರ ಹೆಸರು ಗುಲಾಮ್ ಯಜ್ದಾನಿ.

ಯಜ್ದಾನಿ ಹುಟ್ಟಿದ್ದು 1885ರಲ್ಲಿ, ದೆಹಲಿಯಲ್ಲಿ. ಓದಿದ್ದು ಅಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ. ಅರಬ್ಬಿ, ಫಾರಸಿ ಭಾಷೆಗಳು ಅವರ ಬಲ. ಕೆಲವು ವರ್ಷ ಸರಕಾರಿ ಕಾಲೇಜುಗಳಲ್ಲಿ ಪಾಠ ಹೇಳಿದರು. ಅಂದರೆ ನಮ್ಮ ಹಾಗೆಯೇ ಹಾಜರಿ ಪುಸ್ತಕ, ಉತ್ತರ ಪತ್ರಿಕೆ ನೋಡಿಕೊಂಡಿದ್ದ ಮೇಷ್ಟ್ರು. 1914ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆಯನ್ನು ಆರಂಭಿಸಿತು. ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಜಾನ್ ಮಾರ್ಷಲ್ ಅವರ ಶಿಫಾರಸಿನಿಂದ ಆ ಹೊಸ ಇಲಾಖೆಯ ಹೊಣೆ ಇನ್ನೂ ಮೂವತ್ತು ತುಂಬದ ಯಜ್ದಾನಿಯವರ ಹೆಗಲಿಗೆ ಬಿತ್ತು. ಸಂಸ್ಥಾನದ ಹಿರಿಯ ಅಧಿಕಾರಿ ಅಕ್ಬರ್ ಹೈದರಿ ಅವರ ಬೆಂಬಲಕ್ಕೆ ನಿಂತರು.

ಆ ಹೊಣೆ ಎಷ್ಟು ದೊಡ್ಡದು ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ನಿಜಾಮರ ಸಂಸ್ಥಾನ ಸುಮಾರು 82 ಸಾವಿರ ಚದರ ಮೈಲಿ. ಇಂದಿನ ತೆಲಂಗಾಣ, ಮರಾಠವಾಡ, ಜೊತೆಗೆ ನಮ್ಮ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದ ನೆಲವೂ ಅದರಲ್ಲಿತ್ತು. ಬೌದ್ಧರ ಅಜಂತಾ, ಮೂರೂ ಧರ್ಮಗಳ ಗುಹೆಗಳಿರುವ ಎಲ್ಲೋರ, ಕಾಕತೀಯರ ದೇವಾಲಯಗಳು, ಬಹಮನಿಗಳ ಕೋಟೆ ಮತ್ತು ಗೋರಿಗಳು, ಹೆಸರೇ ತಿಳಿಯದ ಜನರ ಬೃಹತ್ ಶಿಲಾ ಸಮಾಧಿಗಳು. ಇವೆಲ್ಲದರ ಕಾವಲುಗಾರ ಒಬ್ಬ ಅರಬ್ಬಿ-ಫಾರಸಿ ವಿದ್ವಾಂಸ. ತನಗೆ ಗೊತ್ತಿದ್ದಷ್ಟನ್ನು, ಅಂದರೆ ಫಾರಸಿ ಶಾಸನಗಳನ್ನು ಮಾತ್ರ ನೋಡಿಕೊಂಡು ಇದ್ದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಕೆಲಸವನ್ನೂ ಅವರು ಬಿಡಲಿಲ್ಲ. ಅರಬ್ಬಿ-ಫಾರಸಿ ಶಾಸನಗಳಿಗಾಗಿಯೇ ಇದ್ದ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ.

ಈಗ ಮಸ್ಕಿಗೆ ಬರೋಣ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಾ ಮಸ್ಕಿಯ ಗುಡ್ಡಕ್ಕೆ ಬಂದ. ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಈ ದೊರೆಯೇ ಅಶೋಕ ಎಂದು ವಿದ್ವಾಂಸರು ಹೇಳುತ್ತಿದ್ದದ್ದು ಸಿಂಹಳದ ಗ್ರಂಥಗಳ ಆಧಾರದಿಂದ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಕೆತ್ತಿತ್ತು. ಊಹೆ ಸಾಕ್ಷ್ಯವಾಯಿತು. ಒಂದು ವರ್ಷದ ಕೂಸಾಗಿದ್ದ ಇಲಾಖೆ ತಡಮಾಡಲಿಲ್ಲ. ಎಚ್. ಕೃಷ್ಣಶಾಸ್ತ್ರಿಗಳಿಂದ ಅದನ್ನು ಓದಿಸಿ, ಅದೇ ವರ್ಷ ‘ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್’ನ ಮೊದಲನೇ ಪುಸ್ತಕವಾಗಿ ಪ್ರಕಟಿಸಿತು. ತನಗೆ ಬಾರದ ಲಿಪಿಯನ್ನು ಬಲ್ಲವರ ಕೈಗೆ ಒಪ್ಪಿಸುವುದು ಯಜ್ದಾನಿಯವರ ಪದ್ಧತಿ. ಮುಂದೆ 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳು ಸಿಕ್ಕಾಗಲೂ ಹೀಗೆಯೇ ಆಯಿತು. ಭಾಷಾವಿಜ್ಞಾನಿ ಆರ್. ಎಲ್. ಟರ್ನರ್ ಅವರಿಂದ ಬರೆಸಿದ ಪುಸ್ತಕ 1932ರಲ್ಲಿ ಅದೇ ಮಾಲೆಯಲ್ಲಿ ಬಂತು.

ಅಶೋಕನಿಗಿಂತ ಹಿಂದಿನವರನ್ನೂ ಅವರು ಮರೆಯಲಿಲ್ಲ. ದಖ್ಖನಿನ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಗುವ ಮಡಕೆಗಳ ಮೇಲೆ ಗೀಚಿದ ಗುರುತುಗಳಿರುತ್ತವೆ. ಮಡಕೆ ಚೂರು ಎಂದರೆ ಕಸ ಎಂದು ಹಲವರು ಭಾವಿಸಿದ್ದ ಕಾಲದಲ್ಲಿ, 1917ರಲ್ಲೇ ಯಜ್ದಾನಿ ಆ ಗುರುತುಗಳನ್ನು ಕಲೆಹಾಕಿ ಲೇಖನ ಬರೆದರು. ಅವು ಅಕ್ಷರಗಳೋ, ಕುಂಬಾರನ ಗುರುತೋ, ಕುಲದ ಚಿಹ್ನೆಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮಸ್ಕಿ, ಪೈಠಣ, ಕೊಂಡಾಪುರಗಳಲ್ಲಿ ಉತ್ಖನನಗಳೂ ಅವರ ಕಾಲದಲ್ಲೇ ನಡೆದವು. ಕೊಂಡಾಪುರದಲ್ಲಿ ಶಾತವಾಹನರ ಕಾಲದ ಪಟ್ಟಣವೇ ಮಣ್ಣಿನಡಿಯಿಂದ ಹೊರಬಂತು. 1930ರಲ್ಲಿ ಹೈದರಾಬಾದ್ ವಸ್ತುಸಂಗ್ರಹಾಲಯವೂ ಆಯಿತು.

ಆದರೆ ಯಜ್ದಾನಿ ಎಂದರೆ ಅಜಂತಾ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಜಂತಾದ ಚಿತ್ರಗಳು ಬಂಡೆಯ ಮೇಲೆ ನೇರವಾಗಿ ಬರೆದವಲ್ಲ. ಬಂಡೆಗೆ ಹುಲ್ಲು, ನಾರು ಬೆರೆಸಿದ ಮಣ್ಣಿನ ಗಿಲಾವು, ಅದರ ಮೇಲೆ ತೆಳುವಾದ ಸುಣ್ಣ, ಅದರ ಮೇಲೆ ಬಣ್ಣ. ಕಾವಿ ಕಲ್ಲು, ಹಸಿರು ಮಣ್ಣು, ದೀಪದ ಮಸಿ, ಹೊರನಾಡಿನಿಂದ ಬಂದ ನೀಲಿ ಕಲ್ಲಿನ ಪುಡಿ. ಮಣ್ಣಿನ ಗಿಲಾವಿಗೆ ಹುಳು ಬೀಳುತ್ತದೆ, ಮಳೆಗಾಲದ ತೇವ ತಟ್ಟುತ್ತದೆ, ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಬಾವಲಿಗಳ ಕಾಟ ಬೇರೆ. 1819ರಲ್ಲಿ ಬ್ರಿಟಿಷರ ಕಣ್ಣಿಗೆ ಬಿದ್ದ ಮೇಲೆ ಕಷ್ಟ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೇಜರ್ ಗಿಲ್ ವರ್ಷಗಟ್ಟಲೆ ಕುಳಿತು ಮಾಡಿದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ಗ್ರಿಫಿತ್ಸ್ ಮತ್ತು ಮುಂಬೈಯ ಕಲಾ ವಿದ್ಯಾರ್ಥಿಗಳು ಮಾಡಿದ ಪ್ರತಿಗಳಲ್ಲೂ ಅನೇಕವು 1885ರಲ್ಲಿ ಅಲ್ಲಿಯೇ ಬೆಂಕಿಗೆ ತುತ್ತಾದವು. ಚಿತ್ರ ಹೊಳೆಯಲೆಂದು ಗೋಡೆಗೆ ಬಳಿದ ವಾರ್ನಿಶ್ ಮಾತ್ರ ಉಳಿದುಕೊಂಡು ಕಪ್ಪಾಗುತ್ತಾ ಹೋಯಿತು.

ಇಂಥ ಗೋಡೆಯನ್ನು ಉಳಿಸುವುದು ಹೇಗೆ? ಯಜ್ದಾನಿಯವರ ಇಲಾಖೆ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. 1920ರಿಂದ 1922ರವರೆಗೆ ಅವರು ಬಿಟ್ಟುಕೊಂಡ ಗಿಲಾವನ್ನು ಬಂಡೆಗೆ ಮತ್ತೆ ಅಂಟಿಸಿದರು, ಚಿತ್ರಗಳನ್ನು ಶುಚಿಗೊಳಿಸಿದರು, ಮೇಲೆ ಅರಗಿನ ಲೇಪ ಕೊಟ್ಟರು. ಆ ಲೇಪವೂ ಕಾಲಕ್ರಮೇಣ ಹಳದಿಗಟ್ಟಿತು. ನಂತರದ ತಲೆಮಾರಿನ ರಸಾಯನ ತಜ್ಞರು ಅದನ್ನು ಇಂಚಿಂಚಾಗಿ ತೆಗೆಯಬೇಕಾಯಿತು. ಇದಕ್ಕಾಗಿ ಯಜ್ದಾನಿಯವರನ್ನು ದೂರುವವರಿದ್ದಾರೆ. ನಾನು ಆ ಸಾಲಿಗೆ ಸೇರುವುದಿಲ್ಲ. ಗೋಡೆ ಅಂದು ಉದುರುತ್ತಿತ್ತು. ಅಂದಿನ ಜಗತ್ತಿಗೆ ಗೊತ್ತಿದ್ದ ಒಳ್ಳೆಯ ಮದ್ದನ್ನು ಅವರು ತರಿಸಿದರು. ಅಂಟಿಸದೇ ಬಿಟ್ಟಿದ್ದರೆ ಇಂದು ಲೇಪ ತೆಗೆಯಲು ಚಿತ್ರವೇ ಇರುತ್ತಿತ್ತೋ ಇಲ್ಲವೋ.

ಅವರ ಇನ್ನೊಂದು ನಿರ್ಧಾರದ ಬಗ್ಗೆ ತಕರಾರಿಗೆ ಜಾಗವೇ ಇಲ್ಲ. ಕೈಯಿಂದ ಪ್ರತಿ ಮಾಡುವಾಗ ಕಲಾವಿದನ ಕೈ ತನಗೆ ತಿಳಿಯದಂತೆಯೇ ಮೂಲವನ್ನು ತಿದ್ದುತ್ತದೆ, ಹರಿದ ಕಡೆ ಊಹಿಸಿ ತುಂಬುತ್ತದೆ. ಹಾಗಾಗಿ ಯಜ್ದಾನಿ ಛಾಯಾಚಿತ್ರಗಳನ್ನು ನಂಬಿದರು. ಕತ್ತಲ ಗುಹೆಯೊಳಗೆ, ಅಂದಿನ ಭಾರದ ಉಪಕರಣಗಳಲ್ಲಿ, ಅದೂ ಬಣ್ಣದಲ್ಲಿ! ಮೊಬೈಲ್ ಎತ್ತಿ ಚಿತ್ರ ಹೊಡೆಯುವ ನಿಮಗೆ ಇದರ ಕಷ್ಟ ಸುಲಭವಾಗಿ ಅರ್ಥವಾಗಲಾರದು. ಹೀಗೆ ಸಿದ್ಧವಾದ ‘ಅಜಂತಾ’ ಗ್ರಂಥವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ ಪ್ರಕಟಿಸಿತು. ಮೊದಲ ಭಾಗ 1930ರಲ್ಲಿ, ಎರಡನೆಯದು 1933ರಲ್ಲಿ, ಮೂರನೆಯದು 1946ರಲ್ಲಿ, ನಾಲ್ಕನೆಯದು 1955ರಲ್ಲಿ. ಒಂದು ಪುಸ್ತಕಕ್ಕೆ 25 ವರ್ಷ. ನಡುವೆ ಮಹಾಯುದ್ಧ ಬಂತು, 1943ರಲ್ಲಿ ನಿವೃತ್ತಿಯಾಯಿತು, ದೇಶ ಸ್ವತಂತ್ರವಾಗಿ ಇಬ್ಭಾಗವಾಯಿತು, 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಸಂಬಳ ಕೊಡುತ್ತಿದ್ದ ಸಂಸ್ಥಾನವೇ ಇಲ್ಲವಾದರೂ ನಾಲ್ಕನೇ ಭಾಗ ಹೊರಬಂತು. ಗೋಡೆಯ ಮೇಲಿನ ಜಾತಕ ಕಥೆಗಳನ್ನು ಒಂದೊಂದಾಗಿ ಗುರುತಿಸಿ, ಯಾರ ಕೈಯಲ್ಲಿ ಏನಿದೆ, ಯಾರ ಮುಖದಲ್ಲಿ ಯಾವ ಭಾವವಿದೆ ಎಂಬುದನ್ನೂ ಬಿಡದೆ ಅವರು ವಿವರಿಸಿದ್ದಾರೆ. ಇದೇ ಶ್ರದ್ಧೆಯಿಂದ 1922ರಲ್ಲಿ ಪಾಲಂಪೇಟೆಯ ದೇವಾಲಯಗಳ ಬಗ್ಗೆಯೂ ಬರೆದಿದ್ದರು. ಅಲ್ಲಿನ ರಾಮಪ್ಪ ದೇವಾಲಯ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಿಮಗೆ ನೆನಪಿರಬಹುದು.

ನಮಗೆ ಹೆಚ್ಚು ಹತ್ತಿರದ್ದು 1947ರಲ್ಲಿ ಬಂದ ಅವರ ಬೀದರ್ ಗ್ರಂಥ. ಬೀದರ್ ಕೋಟೆಯ ಅರಮನೆಗಳಲ್ಲಿ ಎಷ್ಟೋ ಭಾಗ ಮಣ್ಣು, ಕಲ್ಲಿನ ರಾಶಿಯಲ್ಲಿ ಹೂತಿತ್ತು. ಅದನ್ನು ತೆಗೆಸಿ, ಹೊರಬಂದ ಗೋಡೆ, ಬಣ್ಣದ ಹೆಂಚುಗಳನ್ನು ಫಾರಸಿ ಇತಿಹಾಸಗಳ ಮಾತಿನೊಂದಿಗೆ ತಾಳೆ ನೋಡಿ ಯಾವುದು ಯಾವ ಮಹಲು ಎಂದು ಗುರುತಿಸಿದ ಕೆಲಸ ಅದರಲ್ಲಿದೆ. ಅವರ ಅರಬ್ಬಿ-ಫಾರಸಿ ಇಲ್ಲಿ ಪೂರ್ತಿ ಕೆಲಸಕ್ಕೆ ಬಂತು. ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್, 1472ರಲ್ಲಿ ಮುಗಿದ ಮಹಮೂದ್ ಗವಾನರ ಮದ್ರಸಾ, ಅಷ್ಟೂರಿನ ಗುಮ್ಮಟಗಳು, ಹಿಂದೂ ಮುಸ್ಲಿಮರಿಬ್ಬರೂ ಸೇರುವ ಅಹ್ಮದ್ ಶಾಹ್ ವಲಿಯ ಉರೂಸ್ ನಡೆಯುವ ಗೋರಿ, ಎಲ್ಲದರ ಅಳತೆ, ನಕ್ಷೆ, ಚಿತ್ರ ಅಲ್ಲಿವೆ. ನಾನು ಬೀದರಿಗೆ ಹೋದಾಗಲೆಲ್ಲ ಮಾರ್ಗದರ್ಶಕರ ಕಥೆ ಕೇಳುತ್ತೇನೆ. ಅದರಲ್ಲಿ ನಿಜವಾದ ಭಾಗ ಬಹುಪಾಲು ಈ ಪುಸ್ತಕದಿಂದ ಹೊರಟದ್ದು ಎಂದು ಅನಿಸುತ್ತದೆ. ಉಳಿದ ಭಾಗವೂ ಕೇಳಲು ಚೆನ್ನಾಗಿಯೇ ಇರುತ್ತದೆ, ಅದು ಬೇರೆ ಮಾತು.

1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಅವರು ಕಾಯ್ದಿದ್ದ ನೆಲ ಮೂರು ಪಾಲಾಯಿತು. ಅಜಂತಾ ಮುಂಬೈ ರಾಜ್ಯಕ್ಕೆ, ಪಾಲಂಪೇಟೆ ಆಂಧ್ರಕ್ಕೆ, ಬೀದರ್ ಮತ್ತು ಮಸ್ಕಿ ಮೈಸೂರಿಗೆ ಹೋದವು. 1959ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿತು. ಮರುವರ್ಷ ಅವರ ಸಂಪಾದಕತ್ವದಲ್ಲಿ ದಖ್ಖನಿನ ಪ್ರಾಚೀನ ಇತಿಹಾಸದ ಎರಡು ಸಂಪುಟಗಳು ಬಂದವು. ಹಂಚಿಹೋದ ಆ ಮೂರು ಪಾಲಿನ ಹಳೆಯ ಕಥೆ ಅಲ್ಲಿ ಮತ್ತೆ ಒಂದೇ ರಟ್ಟಿನೊಳಗೆ ಸೇರಿತು. 1962ರ ನವೆಂಬರಿನಲ್ಲಿ ಯಜ್ದಾನಿ ತೀರಿಕೊಂಡರು.