ಮಕ್ಕಳನ್ನು ಓಡಿಸುವ ಓಫೆನ್‌ಬಾಕ್

ಜಪಾನಿನ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಕ್ರೀಡಾ ಹಬ್ಬಕ್ಕೆ ‘ಉಂದೋಕಾಯ್’ ಎನ್ನುತ್ತಾರೆ. ಮಕ್ಕಳೆಲ್ಲ ಕೆಂಪು ತಂಡ, ಬಿಳಿ ತಂಡ ಎಂದು ಎರಡಾಗುತ್ತಾರೆ. ಓಟ ಶುರುವಾದರೆ ಧ್ವನಿವರ್ಧಕದಲ್ಲಿ ಸಂಗೀತ ಬೇಕೇ ಬೇಕು. ಅದೂ ಎಂಥದ್ದು? ಕುಳಿತವರ ಕಾಲೂ ಕುಣಿಯುವಂಥ ಪಾಶ್ಚಾತ್ಯ ಸಂಗೀತ. ಇಲ್ಲಿನ ಸಣ್ಣ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಸಹಾಯಕ ಶಿಕ್ಷಕಿ. ಈ ಸಲ ಸಂಗೀತ ಆರಿಸುವ ಕೆಲಸಕ್ಕೆ ಆರನೇ ತರಗತಿ ಮಕ್ಕಳ ಜೊತೆ ನನ್ನನ್ನೂ ಸೇರಿಸಿದರು.

ಖಚಾತುರಿಯನ್ ಅವರ ‘ಕತ್ತಿ ನೃತ್ಯ’ ಇರಲಿ ಎಂದರು ಕೆಲವರು. ಕಬಲೆವ್‌ಸ್ಕಿ ಅವರ ‘ಕಮೀಡಿಯನ್ಸ್’ ಬೇಕು ಎಂದರು ಇನ್ನು ಕೆಲವರು. ಆದರೆ ಒಂದರ ಬಗ್ಗೆ ಮಾತ್ರ ಚರ್ಚೆಯೇ ನಡೆಯಲಿಲ್ಲ. ಅದು ‘ತೆಂಗೊಕು ತೊ ಜಿಗೊಕು’, ಅಂದರೆ ‘ಸ್ವರ್ಗ ಮತ್ತು ನರಕ’. ಹೆಸರು ಕೇಳಿರದಿದ್ದರೂ ರಾಗ ನಿಮಗೆ ಗೊತ್ತಿರುತ್ತದೆ. ಕ್ಯಾನ್‌ಕ್ಯಾನ್ ನೃತ್ಯ ಎಂದರೆ ನೆನಪಾಗುವುದು ಅದೇ. ಇದನ್ನು ಬರೆದವರು ಯಾರು ಎಂದು ಹುಡುಗಿಯೊಬ್ಬಳು ಕೇಳಿದಳು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆ ಹುಡುಕಲು ಕುಳಿತ ನಾನು ಮಧ್ಯರಾತ್ರಿವರೆಗೂ ಏಳಲಿಲ್ಲ.

ಆತನ ಹೆಸರು ಜಾಕ್ ಓಫೆನ್‌ಬಾಕ್. ಹುಟ್ಟಿದ್ದು 1819ರಲ್ಲಿ, ಜರ್ಮನಿಯ ಕಲೋನ್ ನಗರದ ಬಡ ಯಹೂದಿ ಮನೆಯಲ್ಲಿ. ಆಗಿನ ಹೆಸರು ಯಾಕೋಬ್. ಅಪ್ಪ ಪ್ರಾರ್ಥನಾ ಮಂದಿರದ ಗಾಯಕ, ಸಂಗೀತದ ಮೇಷ್ಟ್ರು. ಮಗ ಚೆಲ್ಲೊ ನುಡಿಸುವುದನ್ನು ನೋಡಿ, ಇವನಿಗೆ ದೊಡ್ಡ ಊರೇ ಬೇಕು ಎಂದು 14ನೇ ವಯಸ್ಸಿಗೇ ಪ್ಯಾರಿಸ್‌ಗೆ ಕರೆದೊಯ್ದ. ಅಲ್ಲಿನ ಸರ್ಕಾರಿ ಸಂಗೀತ ಶಾಲೆ ವಿದೇಶಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹತ್ತು ವರ್ಷ ಮೊದಲು ಲಿಸ್ಟ್‌ನಂಥ ಬಾಲಪ್ರತಿಭೆಗೂ ಬಾಗಿಲು ಮುಚ್ಚಿದ ಶಾಲೆ ಅದು. ಆದರೆ ಈ ಹುಡುಗನ ವಾದನ ಕೇಳಿದ ನಿರ್ದೇಶಕ ಕೆರೂಬಿನಿ ನಿಯಮ ಬದಿಗಿಟ್ಟ. ಹುಡುಗನೋ, ಒಂದೇ ವರ್ಷಕ್ಕೆ ಶಾಲೆ ಬಿಟ್ಟ!

ಮುಂದೆ ಒಪೆರಾ ಕೊಮಿಕ್ ಎಂಬ ರಂಗಮಂದಿರದ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಅಲ್ಲೂ ತುಂಟಾಟ. ಪಕ್ಕದ ವಾದಕನ ಜೊತೆ ಸೇರಿ ಒಂದು ಸ್ವರ ಅವನು, ಒಂದು ಸ್ವರ ತಾನು ಎಂದು ಹಂಚಿಕೊಂಡು ನುಡಿಸಿದ್ದಕ್ಕೆ ಸಂಬಳದಲ್ಲಿ ದಂಡ ಬಿತ್ತು. ತಾನು ಬರೆದದ್ದು ಅದೇ ವೇದಿಕೆಯ ಮೇಲೆ ಬರಬೇಕು ಎಂಬುದು ಆತನ ಆಸೆ. ಮಂದಿರ ವರ್ಷಗಟ್ಟಲೆ ಸೊಪ್ಪು ಹಾಕಲಿಲ್ಲ.

ದೊಡ್ಡವರು ಜಾಗ ಕೊಡದಿದ್ದರೆ ಏನು ಮಾಡಬೇಕು? ಓಫೆನ್‌ಬಾಕ್ ತನ್ನದೇ ಸಣ್ಣ ವೇದಿಕೆ ಕಟ್ಟಿದ. 1855ರಲ್ಲಿ ಪ್ಯಾರಿಸ್‌ನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯುತ್ತಿತ್ತು. ಅದರ ಹತ್ತಿರವೇ ಪುಟ್ಟ ಮಂದಿರವೊಂದನ್ನು ಬಾಡಿಗೆಗೆ ಹಿಡಿದು ‘ಬುಫ್ ಪಾರಿಸಿಯೆನ್’ ತೆರೆದ. ಪರವಾನಗಿಯಲ್ಲಿ ಒಂದು ಷರತ್ತಿತ್ತು. ಮೊದಲು ಮೂರು, ಆಮೇಲೆ ನಾಲ್ಕು ಪಾತ್ರಗಳಿಗಷ್ಟೇ ಬಾಯಿ ಬಿಡಲು ಅನುಮತಿ. 1857ರ ಒಂದು ನಾಟಕಕ್ಕೆ ಐದನೇ ಪಾತ್ರ ಬೇಕಾಯಿತು. ಆ ಪಾತ್ರದ ನಾಲಿಗೆಯನ್ನೇ ಕತ್ತರಿಸಲಾಗಿದೆ ಎಂದು ಕಥೆ ಹೆಣೆದು, ಮಾತುಗಳನ್ನು ಫಲಕದ ಮೇಲೆ ಬರೆದು ತೋರಿಸಿದರು. ಕಾನೂನೂ ಉಳಿಯಿತು, ಜನರೂ ನಕ್ಕರು.

ಮರುವರ್ಷ ಆ ಷರತ್ತು ಹೋಯಿತು. ಸಾಲ ಮಾತ್ರ ಬೆಳೆದಿತ್ತು. ಆಗ ಬಂದದ್ದೇ ‘ಪಾತಾಳದಲ್ಲಿ ಓರ್ಫಿಯಸ್’. ಹೆಂಡತಿಯನ್ನು ಮರಳಿ ತರಲು ಪಾತಾಳಕ್ಕೆ ಇಳಿಯುವ ಗಾಯಕನ ಗ್ರೀಕ್ ಕಥೆ ಅದು. ನಮ್ಮ ಸಾವಿತ್ರಿ ಗಂಡನಿಗಾಗಿ ಯಮನ ಬೆನ್ನು ಹತ್ತಿದಂತೆ. ಓಫೆನ್‌ಬಾಕ್ ಅದನ್ನು ತಲೆಕೆಳಗು ಮಾಡಿದ. ಇಲ್ಲಿ ಗಂಡ ಹೆಂಡತಿಗೆ ಒಬ್ಬರನ್ನೊಬ್ಬರು ಕಂಡರಾಗದು. ಜನ ಏನಂದಾರು ಎಂಬ ಭಯಕ್ಕೆ ಗಂಡ ಹೊರಡುತ್ತಾನೆ. ಸ್ವರ್ಗ ಬೇಜಾರಾದ ದೇವತೆಗಳು ಮೋಜಿಗಾಗಿ ನರಕಕ್ಕೆ ಇಳಿದು ಕುಣಿಯುತ್ತಾರೆ. ನಮ್ಮ ಮಕ್ಕಳು ಓಡುವುದು ಆ ಕುಣಿತದ ಗ್ಯಾಲಪ್‌ಗೆ. ಕುದುರೆ ಓಟದ ಹೆಸರಿನ ನೃತ್ಯ, ಎರಡೇ ಪೆಟ್ಟಿನ ತಾಳ. ಎಡಗಾಲಿಗೊಂದು, ಬಲಗಾಲಿಗೊಂದು!

ಪುರಾಣಕ್ಕೆ ಅಪಚಾರವಾಯಿತು ಎಂದು ಹೆಸರಾಂತ ವಿಮರ್ಶಕ ಜೂಲ್ ಜಾನಿನ್ ಪತ್ರಿಕೆಯಲ್ಲಿ ಉರಿದುಬಿದ್ದ. ಬೈಗುಳ ಓದಿದ ಪ್ಯಾರಿಸ್ ಟಿಕೆಟ್‌ಗೆ ಮುಗಿಬಿತ್ತು. 228 ಪ್ರದರ್ಶನಗಳಾದ ಮೇಲೆ ನಿಂತದ್ದೂ ಜನ ಬಾರದೆ ಅಲ್ಲ, ನಟರು ದಣಿದು.

ಆಮೇಲಿನ ಹತ್ತು ವರ್ಷ ಪ್ಯಾರಿಸ್ ಆತನದೇ. 1860ರಲ್ಲಿ ಫ್ರೆಂಚ್ ಪೌರತ್ವವೂ ಸಿಕ್ಕಿತು. ಆದರೆ 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹತ್ತಿತು. ನಿನ್ನೆಯವರೆಗೆ ಚಪ್ಪಾಳೆ ತಟ್ಟಿದವರಿಗೆ ಆತ ಥಟ್ಟನೆ ಜರ್ಮನ್ ಆಗಿಬಿಟ್ಟ, ಬಿಸ್ಮಾರ್ಕ್‌ನ ಕಡೆಯವನಾದ. ಅತ್ತ ಜರ್ಮನಿಯ ಪತ್ರಿಕೆಗಳು ದೇಶದ್ರೋಹಿ ಎಂದವು. 14ನೇ ವಯಸ್ಸಿನಿಂದ ಬದುಕಿದ ಊರಿನಲ್ಲಿ 51ನೇ ವಯಸ್ಸಿಗೆ ಪರಕೀಯನಾಗುವುದು ಹೇಗಿರುತ್ತದೆ? ವೀಸಾದ ದಿನಾಂಕ ನೋಡಿಕೊಂಡೇ ಬದುಕುವ ನಾನು ಈ ಭಾಗವನ್ನು ಎರಡು ಸಲ ಓದಿದೆ.

ಯುದ್ಧದ ನಂತರ ಜನರ ರುಚಿ ಬದಲಾಗಿತ್ತು. ರಂಗಮಂದಿರ ನಡೆಸಲು ಹೋಗಿ 1875ರಲ್ಲಿ ದಿವಾಳಿಯಾದ. ಮರುವರ್ಷ ಅಮೆರಿಕಕ್ಕೆ ಹೋಗಿ 40ಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿಕೊಟ್ಟ. ಮೈಯಲ್ಲಿ ಸಂಧಿವಾತದ ನೋವು, ಕೈಯಲ್ಲಿ ‘ಹಾಫ್‌ಮನ್ನನ ಕಥೆಗಳು’ ಎಂಬ ಗಂಭೀರ ಒಪೆರಾ. ಅದು ಪೂರ್ಣವಾಗುವ ಮೊದಲೇ, 1880ರ ಅಕ್ಟೋಬರ್ 5ರಂದು ತೀರಿಕೊಂಡ. ಉಳಿದದ್ದನ್ನು ಗಿರೋ ಎಂಬ ಸಂಗೀತಗಾರ ಮುಗಿಸಿದ. ನಾಲ್ಕು ತಿಂಗಳ ಬಳಿಕ ಅದು ರಂಗಕ್ಕೆ ಬಂದು ಭಾರಿ ಗೆಲುವು ಕಂಡಿತು. ಎಲ್ಲಿ ಗೊತ್ತೇ? ಹುಡುಗನಾಗಿದ್ದಾಗ ದಂಡ ಕಟ್ಟಿದ ಅದೇ ಒಪೆರಾ ಕೊಮಿಕ್‌ನಲ್ಲಿ.

ಓರ್ಫಿಯಸ್ 1914ರಲ್ಲಿ ಟೋಕಿಯೊದ ಇಂಪೀರಿಯಲ್ ರಂಗಮಂದಿರಕ್ಕೆ ಬಂದಾಗ ಇಟ್ಟ ಹೆಸರು ‘ಸ್ವರ್ಗ ಮತ್ತು ನರಕ’. ಹಾಗೆಯೇ ಅದು ಶಾಲೆಯ ಮೈದಾನಕ್ಕೂ ಇಳಿಯಿತು. ಗಂಭೀರ ಸಂಗೀತವೇ ಶ್ರೇಷ್ಠ, ಕುಣಿಸುವುದು ಕೀಳು ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರು ಒಮ್ಮೆ ಒಂದನೇ ತರಗತಿಯ ಓಟ ನೋಡಬೇಕು. ಮೊದಲು ಬಂದವರಿಗೂ, ಬಿದ್ದು ಎದ್ದು ಕೊನೆಗೆ ಬಂದವರಿಗೂ ಆ ಸಂಗೀತ ಒಂದೇ ಹುರುಪಿನಲ್ಲಿ ಮೊಳಗುತ್ತದೆ.